ಕುಡಿದು ಗುದ್ದಿದ್ದು ಪೊಲೀಸ್ ಆದರೆ, ಗಡಿಯಾರ ಯಾರ ಕೈಯಲ್ಲಿ?

ಕುಡಿದು ಗಾಡಿ ಓಡಿಸಿ ಒಬ್ಬರ ಜೀವ ತೆಗೆದವನು ಪೊಲೀಸ್ ಆಗಿದ್ದರೆ, ಬೇರೆಯವರಿಗೆ ಆಗುವಷ್ಟೇ ಶಿಕ್ಷೆ ಅವನಿಗೂ ಆಗುತ್ತದಾ? ಈ ಮಾತು ಬಂದಾಗಲೆಲ್ಲ ಜನ ತೀರ್ಪಿನ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ಎಷ್ಟು ವರ್ಷ ಕೊಟ್ಟರು, ಜಾಮೀನು ಹೇಗೆ ಸಿಕ್ಕಿತು, ವಕೀಲರು ಯಾರು ಅಂತ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಪಘಾತದ ಕೇಸು ಬಂದರೆ ಡಾಕ್ಟರ್ ಹೇಳಿದ ಮೇಲೆ ರಕ್ತ ತೆಗೆಯುವುದು, ಟ್ಯೂಬಿಗೆ ಚೀಟಿ ಅಂಟಿಸಿ ಸೀಲ್ ಮಾಡುವುದು, ರಿಜಿಸ್ಟರಿನಲ್ಲಿ ಹೊತ್ತು ಬರೆಯುವುದು ನನ್ನ ಪಾಲಿನ ಕೆಲಸ. ನಾನು ಕಂಡ ಮಟ್ಟಿಗೆ ಇಂಥ ಕೇಸಿನ ಹಣೆಬರಹ ಕೋರ್ಟಿನಲ್ಲಿ ಬರೆಯುವುದಲ್ಲ. ಗಾಡಿ ನಿಂತ ಮೇಲಿನ ಮೊದಲ ಎರಡು ಮೂರು ಗಂಟೆಯಲ್ಲೇ ಬರೆದು ಮುಗಿದಿರುತ್ತದೆ.

ಯಾಕೆ ಅಂತ ಹೇಳುತ್ತೇನೆ. ಕುಡಿದದ್ದು ರಕ್ತದಲ್ಲಿ ಕಾಯುತ್ತಾ ಕೂರುವುದಿಲ್ಲ. ಲಿವರ್ ಅದನ್ನು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಕರಗಿಸುತ್ತಾ ಹೋಗುತ್ತದೆ. ಸರಾಸರಿ ಲೆಕ್ಕದಲ್ಲಿ ಗಂಟೆಗೆ, 100 ಮಿಲಿಲೀಟರ್ ರಕ್ತಕ್ಕೆ, 15 ಮಿಲಿಗ್ರಾಂ. ಗುದ್ದಿದಾಗ 100 ಮಿಲಿಗ್ರಾಂ ಇದ್ದರೆ ಎರಡು ಗಂಟೆ ಕಳೆದಾಗ 70 ಉಳಿಯುತ್ತದೆ. ಐದು ಗಂಟೆ ಕಳೆದರೆ 25. ಭಾರತದಲ್ಲಿ ಮಿತಿ 30. ಅಂದರೆ ಐದು ಗಂಟೆ ಹೇಗಾದರೂ ಸರಿದುಹೋದರೆ, ಮಿತಿಯ ಮೂರು ಪಟ್ಟು ಕುಡಿದವನು ರಿಪೋರ್ಟಿನಲ್ಲಿ ಮಿತಿಯೊಳಗೆ ಬಂದುಬಿಡುತ್ತಾನೆ. ಸಿಕ್ಕ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಗುದ್ದಿದಾಗ ಎಷ್ಟಿತ್ತು ಅಂತ ತಜ್ಞರು ಅಂದಾಜು ಹೇಳಬಲ್ಲರು. ಆದರೆ ಸೊನ್ನೆ ಬಂದರೆ? ಸೊನ್ನೆಯಿಂದ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ.

ಈ ಲೆಕ್ಕ ಸಾಮಾನ್ಯ ಮನುಷ್ಯನಿಗೆ ಗೊತ್ತಿರುವುದಿಲ್ಲ. ಅವನು ಗಾಬರಿಯಲ್ಲಿರುತ್ತಾನೆ. ಬಾ ಅಂದರೆ ಬರುತ್ತಾನೆ, ಊದು ಅಂದರೆ ಊದುತ್ತಾನೆ. ಪೊಲೀಸರಿಗೆ ಇದೆಲ್ಲ ಬಾಯಿಪಾಠ. ಎಷ್ಟೋ ಜನರನ್ನು ಅವರೇ ನಿಲ್ಲಿಸಿ ಊದಿಸಿರುತ್ತಾರೆ. ಮೇಲಾಗಿ ಆ ರಾತ್ರಿ ಅವನನ್ನು ಆಸ್ಪತ್ರೆಗೆ ಕರೆತರುವವರೂ ಅವನ ಜೊತೆಯವರೇ.

ನನ್ನ ಮುಂದೆಯೇ ಒಮ್ಮೆ ಹೀಗಾಯಿತು. ಡ್ಯೂಟಿ ಮುಗಿಸಿ ಹೋಗುತ್ತಿದ್ದ ಒಬ್ಬ ಪೊಲೀಸರ ಕಾರು ಬೈಕಿಗೆ ಗುದ್ದಿತ್ತು. ಅವರಿಗೆ ಹಣೆಯ ಮೇಲೆ ತರಚಿದ ಗಾಯ ಅಷ್ಟೇ. ಬೈಕಿನವರು ಆಪರೇಷನ್ ಥಿಯೇಟರಿನಲ್ಲಿದ್ದರು. ಜೊತೆಗೆ ಬಂದವರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಮೊದಲು ಒಂದೆರಡು ಬಾಟಲ್ ಡ್ರಿಪ್ ಹೋಗಲಿ, ಸುಸ್ತಾಗಿದ್ದಾರೆ, ರಕ್ತ ಆಮೇಲೆ ತೆಗೆದರಾಯಿತು" ಅಂದರು. ದನಿ ಬಹಳ ಮೆತ್ತಗಿತ್ತು. ಡ್ರಿಪ್ ಹಾಕಿದರೆ ಮದ್ಯ ಬೇಗ ಇಳಿದುಹೋಗುವುದಿಲ್ಲ. ಆದರೆ ಡ್ರಿಪ್ ಮುಗಿಯಲು ಬೇಕಾಗುವ ಹೊತ್ತು ಹೋಗುತ್ತದೆ. ಅವರಿಗೆ ಬೇಕಿದ್ದದ್ದು ಆ ಹೊತ್ತು. ನಮ್ಮ ಡ್ಯೂಟಿ ಡಾಕ್ಟರ್ ಗಟ್ಟಿ ಹೆಂಗಸು. "ರಕ್ತ ಮೊದಲು, ಡ್ರಿಪ್ ಆಮೇಲೆ" ಅಂತ ಕೇಸ್ ಶೀಟಿನಲ್ಲಿ ಗಂಟೆ ನಿಮಿಷ ಸಮೇತ ಬರೆದರು. ನಾನು ರಕ್ತ ತೆಗೆದೆ. ಆ ಜಾಗದಲ್ಲಿ ಹೊಸದಾಗಿ ಸೇರಿದ, ನಾಳೆ ಕೋರ್ಟಿಗೆ ಅಲೆಯಬೇಕಾದೀತು ಅಂತ ಹೆದರುವ ಡಾಕ್ಟರ್ ಇದ್ದಿದ್ದರೆ ಏನಾಗುತ್ತಿತ್ತೋ. ಸತ್ತವರ ಮನೆಯವರಿಗೆ ನ್ಯಾಯ ಸಿಗುವುದು ಆ ರಾತ್ರಿ ಯಾರ ಡ್ಯೂಟಿ ಇದೆ ಅನ್ನುವುದರ ಮೇಲೆ ನಿಲ್ಲಬಾರದು ಅಲ್ವಾ?

ಅಂದಿನಿಂದ ಇಂಥ ಕೇಸುಗಳ ಸುದ್ದಿ ಕಂಡರೆ ನಾನು ಮೊದಲು ಹುಡುಕುವುದು ರಕ್ತ ತೆಗೆದ ಹೊತ್ತನ್ನು.

ಕೆನಡಾದ ಒಂದು ಕೇಸು ನನ್ನ ತಲೆಯಿಂದ ಹೋಗುವುದೇ ಇಲ್ಲ. 2008ರ ಅಕ್ಟೋಬರ್. ಬ್ರಿಟಿಷ್ ಕೊಲಂಬಿಯಾದ ಡೆಲ್ಟಾದಲ್ಲಿ ಅಲ್ಲಿನ ರಾಷ್ಟ್ರೀಯ ಪೊಲೀಸ್ ಪಡೆ ಆರ್‌ಸಿಎಂಪಿಯ ಅಧಿಕಾರಿ ಮಾಂಟಿ ರಾಬಿನ್ಸನ್ ಓಡಿಸುತ್ತಿದ್ದ ಜೀಪು ಮೋಟಾರ್ ಸೈಕಲಿಗೆ ಗುದ್ದಿತು. 21 ವರ್ಷದ ಹುಡುಗ ತೀರಿಹೋದ. ರಾಬಿನ್ಸನ್ ಅದಕ್ಕೆ ಮುಂಚೆ ಪಾರ್ಟಿಯಲ್ಲಿ ಕುಡಿದಿದ್ದರು. ಗುದ್ದಿದ ಮೇಲೆ ಮಕ್ಕಳನ್ನು ಕರೆದುಕೊಂಡು ನಡೆದು ಮನೆಗೆ ಹೋದರು. ಅಲ್ಲಿ ಎರಡು ಶಾಟ್ ವೋಡ್ಕಾ ಕುಡಿದು ವಾಪಸ್ ಬಂದರು. ಮನಸ್ಸು ತಹಬಂದಿಗೆ ಬರಲಿ ಅಂತ ಕುಡಿದೆ ಅಂದರು. ಅಲ್ಲಿಗೆ ಪರೀಕ್ಷೆಯ ಅಂಕಿಗೆ ಬೆಲೆ ಹೋಯಿತು. ಉಸಿರಿನಲ್ಲಿ ಇದ್ದದ್ದು ಗುದ್ದುವ ಮೊದಲಿನದಾ, ಆಮೇಲಿನದಾ ಅಂತ ಬೇರೆ ಮಾಡುವುದು ಹೇಗೆ? ಕುಡಿದು ಓಡಿಸಿದ ಆರೋಪವನ್ನೇ ಅವರ ಮೇಲೆ ಹೊರಿಸಲಿಲ್ಲ. ತನಿಖೆಗೆ ಅಡ್ಡಿ ಮಾಡಿದ್ದಕ್ಕೆ 2012ರಲ್ಲಿ ಅಪರಾಧಿ ಅಂತ ತೀರ್ಪು ಬಂತು. ಪೊಲೀಸ್ ತರಬೇತಿಯಲ್ಲಿ ಕಲಿತದ್ದನ್ನೇ ತಪ್ಪಿಸಿಕೊಳ್ಳಲು ಬಳಸಿದರು ಅಂತ ನ್ಯಾಯಾಧೀಶರಿಗೆ ಮನವರಿಕೆಯಾಗಿತ್ತು. ಆದರೂ ಶಿಕ್ಷೆ ಜೈಲಲ್ಲ. ಷರತ್ತಿನ ಮೇಲೆ ಹೊರಗೇ ಕಳೆಯುವ 12 ತಿಂಗಳು. ನ್ಯಾಯಾಧೀಶರನ್ನು ಬೈದು ಏನು ಪ್ರಯೋಜನ? ಅವರ ಮುಂದೆ ಇದ್ದದ್ದು ಅಷ್ಟೇ.

ಆ ತಾಯಿ ತಂದೆಯರ ಜಾಗದಲ್ಲಿ ನಿಂತು ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ವಿಷಯ ಮಾತ್ರ ಕೆನಡಾ ಸರಿಮಾಡಿತು. 2018ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಗಾಡಿ ಓಡಿಸುವುದನ್ನು ನಿಲ್ಲಿಸಿದ ಎರಡು ಗಂಟೆಯೊಳಗೆ ರಕ್ತದಲ್ಲಿ 80 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ಅಪರಾಧ. ಆಮೇಲೆ ಕುಡಿದೆ ಅನ್ನುವ ನೆಪ ಈಗ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಇಲ್ಲಿ ಗಡಿಯಾರ ಶುರುವಾಗುವುದು ಗಾಡಿ ನಿಂತ ಕ್ಷಣದಿಂದ.

ಇದನ್ನು ನಮ್ಮ ಮೋಟಾರು ವಾಹನ ಕಾಯ್ದೆಯ ಪಕ್ಕ ಇಟ್ಟು ನೋಡಿ. 202ನೇ ಸೆಕ್ಷನ್ ಪ್ರಕಾರ ಕುಡಿದು ಓಡಿಸಿದ ಆರೋಪದಲ್ಲಿ ಬಂಧಿಸಿದವರನ್ನು ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು. ಇಲ್ಲದಿದ್ದರೆ ಬಿಟ್ಟುಬಿಡಬೇಕು. ಇಲ್ಲಿ ಗಡಿಯಾರ ಶುರುವಾಗುವುದು ಬಂಧನದಿಂದ. ಬಂಧಿಸುವುದು ಯಾವಾಗ ಅಂತ ತೀರ್ಮಾನಿಸುವವರು ಯಾರು? ಸ್ಥಳಕ್ಕೆ ಬಂದ ಪೊಲೀಸರು. ಗುದ್ದಿದವನು ಅವರದೇ ಸಾಹೇಬರಾಗಿದ್ದರೆ ಗಡಿಯಾರಕ್ಕೆ ಕೀಲಿ ಕೊಡುವವರೇ ಇರುವುದಿಲ್ಲ. ಆರೋಪಿಯ ಹಕ್ಕು ಕಾಯಲು ಈ ನಿಯಮ ಒಳ್ಳೆಯದೇ, ಸುಮ್ನೆ ಯಾರನ್ನೂ ಕೂಡಿಹಾಕಬಾರದು. ಸತ್ತವರ ಪರವಾಗಿ ಮಾತ್ರ ಅದರಲ್ಲಿ ಏನೂ ಇಲ್ಲ.

2019ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ನಡೆದದ್ದು ನೆನಪಿರಬಹುದು. ಆರೋಪಿ ಪೊಲೀಸ್ ಅಲ್ಲ, ಐಎಎಸ್ ಅಧಿಕಾರಿ. ರಾತ್ರಿ ಕಾರು ಗುದ್ದಿ ಒಬ್ಬ ಪತ್ರಕರ್ತರು ತೀರಿಹೋದರು. ರಕ್ತ ತೆಗೆದದ್ದು ಬೆಳಿಗ್ಗೆ, ಗಂಟೆಗಟ್ಟಲೆ ಕಳೆದ ಮೇಲೆ. ರಿಪೋರ್ಟಿನಲ್ಲಿ ಮದ್ಯದ ಅಂಶ ಸಿಗಲಿಲ್ಲ. ಆ ಅಧಿಕಾರಿ ಕುಡಿದಿದ್ದರು ಅಂತ ನಾನು ಹೇಳುತ್ತಿಲ್ಲ, ಹೇಳಲು ನನಗೆ ಹಕ್ಕಿಲ್ಲ. ಕುಡಿದಿರಲಿಲ್ಲ ಅಂತ ನಂಬಿಕೆಯಿಂದ ಹೇಳಲೂ ಆ ರಿಪೋರ್ಟಿನಿಂದ ಆಗುವುದಿಲ್ಲ. ಅಷ್ಟು ಹೊತ್ತು ಬಿಟ್ಟು ತೆಗೆದ ರಕ್ತ ಇಬ್ಬರಿಗೂ ಮೋಸ ಮಾಡುತ್ತದೆ. ಕೆಳಗಿನ ಕೋರ್ಟು ನರಹತ್ಯೆಯ ಆರೋಪ ಕೈಬಿಟ್ಟಿತು, ಹೈಕೋರ್ಟು ಮತ್ತೆ ಹಾಕಿತು. ವಿಚಾರಣೆ ಎದುರಿಸಲೇಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಾವ ಸೆಕ್ಷನ್ ಅನ್ನುವುದು ಸಣ್ಣ ವಿಷಯವಲ್ಲ. ಹಳೆಯ ಐಪಿಸಿಯ 304ಎ, ಅಂದರೆ ನಿರ್ಲಕ್ಷ್ಯದಿಂದಾದ ಸಾವು ಆದರೆ, ಜಾಸ್ತಿ ಅಂದರೆ ಎರಡು ವರ್ಷ. 304ರ ಎರಡನೇ ಭಾಗ, ಅಂದರೆ ನರಹತ್ಯೆ ಆದರೆ, ಹತ್ತು ವರ್ಷದವರೆಗೆ. ಆ ಎರಡರ ನಡುವಿನ ಅಂತರವನ್ನು ಎಷ್ಟೋ ಸಲ ತೀರ್ಮಾನಿಸುವುದು ಒಂದು ಟ್ಯೂಬ್ ರಕ್ತ.

ರಕ್ತ ಸಮಯಕ್ಕೆ ತೆಗೆದರೂ ಮುಗಿಯಲಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಪೊಲೀಸ್ ಅಧಿಕಾರಿ ಡೇವಿಡ್ ಬಿಸಾರ್ಡ್ ಕೇಸು ನೋಡಿ. 2010ರ ಆಗಸ್ಟ್ 6ರಂದು ಹಗಲು ಹೊತ್ತಿನಲ್ಲಿ ಅವರ ಪೊಲೀಸ್ ಕಾರು ಸಿಗ್ನಲಿನಲ್ಲಿ ನಿಂತಿದ್ದ ಬೈಕುಗಳಿಗೆ ನುಗ್ಗಿತು. ಒಬ್ಬರು ಸತ್ತರು, ಇಬ್ಬರಿಗೆ ತೀವ್ರ ಗಾಯ. ಸ್ಥಳದಲ್ಲಿ ಎಷ್ಟೊಂದು ಪೊಲೀಸರಿದ್ದರು. ಕುಡಿದ ಲಕ್ಷಣ ಯಾರಿಗೂ ಕಾಣಲಿಲ್ಲವಂತೆ. ಊದಿಸಲೂ ಇಲ್ಲ. ಸುಮಾರು ಎರಡು ಗಂಟೆ ಕಳೆದ ಮೇಲೆ ವಾಡಿಕೆಯಂತೆ ರಕ್ತ ತೆಗೆದರು. ಬಂದ ಅಂಕಿ 0.19, ನಮ್ಮ ಲೆಕ್ಕದಲ್ಲಿ 190 ಮಿಲಿಗ್ರಾಂ. ಅಲ್ಲಿನ ಮಿತಿ 0.08, ಅಂದರೆ 80. ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದವನನ್ನು ಇಷ್ಟು ಜನ ಪೊಲೀಸರು ಪಕ್ಕದಲ್ಲಿ ನಿಂತು ನೋಡಿದ್ದರು.

ಮುಂದಿನದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ತ ತೆಗೆದವರು ಕಾನೂನಿನ ಪಟ್ಟಿಯಲ್ಲಿ ಹೇಳಿದ ಅರ್ಹತೆ ಇದ್ದವರಲ್ಲ ಅನ್ನುವ ಕಾರಣಕ್ಕೆ ಆಗಿನ ಪ್ರಾಸಿಕ್ಯೂಟರ್ ಕುಡಿದು ಓಡಿಸಿದ ಆರೋಪಗಳನ್ನೇ ಕೈಬಿಟ್ಟರು. ಜನ ಬೀದಿಗಿಳಿದರು. ಮುಂದೆ ಬಂದ ಪ್ರಾಸಿಕ್ಯೂಟರ್ ಮತ್ತೆ ಆರೋಪ ಹೊರಿಸಿದರು. ಆ ರಕ್ತವನ್ನು ಸಾಕ್ಷಿಯಾಗಿ ಬಳಸಬಹುದು ಅಂತ 2012ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಅದೇ ವರ್ಷ ಇನ್ನೊಂದು ಬಯಲಾಯಿತು. ಅವರ ರಕ್ತದ ಎರಡು ಟ್ಯೂಬುಗಳಲ್ಲಿ ಎರಡನೆಯದನ್ನು ಫ್ರಿಜ್ ಇಲ್ಲದ ಕೋಣೆಗೆ ಸಾಗಿಸಿಬಿಟ್ಟಿದ್ದರು. ಪೊಲೀಸ್ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು.

ರಕ್ತದ ಟ್ಯೂಬನ್ನು ತಂಪಿನಲ್ಲಿಡದಿದ್ದರೆ ಏನಾಗುತ್ತದೆ ಅಂತ ನಮ್ಮಲ್ಲಿ ಟ್ರೇನಿಂಗಿಗೆ ಬಂದ ಹುಡುಗರಿಗೂ ಗೊತ್ತು. ಮದ್ಯದ ಪರೀಕ್ಷೆಗೆ ಬೂದು ಮುಚ್ಚಳದ, ಸೋಡಿಯಂ ಫ್ಲೋರೈಡ್ ಹಾಕಿದ ಟ್ಯೂಬ್ ಬಳಸುವುದೇ ಸೂಕ್ಷ್ಮಜೀವಿಗಳು ಬೆಳೆದು ಅಂಕಿ ಏರುಪೇರು ಆಗಬಾರದು ಅಂತ. ಚರ್ಮ ಒರೆಸಲು ಸ್ಪಿರಿಟ್ ಹತ್ತಿ ಮುಟ್ಟಬಾರದು. ಮುಟ್ಟಿದರೆ ವಕೀಲರು ಅದನ್ನೇ ಹಿಡಿಯುತ್ತಾರೆ. ಸೀಲು, ಸಹಿ, ಯಾರಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ, ಎಲ್ಲ ಸರಿ ಇರಬೇಕು. ಇವೆಲ್ಲ ದಿನನಿತ್ಯದ ಕೆಲಸ. ಕಷ್ಟವೇನಲ್ಲ. ಆರೋಪಿ ಪೊಲೀಸ್ ಆದಾಗಲೇ ಇದರಲ್ಲಿ ಒಂದರ ಮೇಲೊಂದು ತಪ್ಪಾದರೆ ಸತ್ತವರ ಮನೆಯವರು ಅದನ್ನು ಬರೀ ಅಚಾತುರ್ಯ ಅಂತ ಹೇಗೆ ನಂಬಬೇಕು?

ಅಷ್ಟಾದರೂ ಮೊದಲ ಟ್ಯೂಬ್ ಉಳಿದಿತ್ತು. ಬಿಸಾರ್ಡ್ 2013ರಲ್ಲಿ, ಈ ಕೇಸಿನ ವಿಚಾರಣೆಗೆ ಮುಂಚೆಯೇ, ಕುಡಿದು ಓಡಿಸಿ ಮತ್ತೆ ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಗೆ 16 ವರ್ಷ ಶಿಕ್ಷೆಯಾಯಿತು, ಅದರಲ್ಲಿ 13 ವರ್ಷ ಜೈಲು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಂಟು ವರ್ಷದ ಅಂತರದಲ್ಲಿ ಇಬ್ಬರು ಪೊಲೀಸರ ಕೇಸು ನಡೆದಿವೆ. 2001ರ ಆಗಸ್ಟಿನಲ್ಲಿ ಜೋಸೆಫ್ ಗ್ರೇ ಅನ್ನುವ ಅಧಿಕಾರಿ ಡ್ಯೂಟಿ ಮುಗಿಸಿ ಗಂಟೆಗಟ್ಟಲೆ ಬಿಯರ್ ಕುಡಿದು ಗಾಡಿ ಓಡಿಸಿ ಒಬ್ಬ ಬಸುರಿ, ಆಕೆಯ ನಾಲ್ಕು ವರ್ಷದ ಮಗ, ಆಕೆಯ ತಂಗಿಯನ್ನು ಕೊಂದರು. ಆಪರೇಷನ್ ಮಾಡಿ ಹೊರತೆಗೆದ ಕೂಸೂ ಉಳಿಯಲಿಲ್ಲ. ಅವರಿಗೆ 5ರಿಂದ 15 ವರ್ಷ ಶಿಕ್ಷೆಯಾಯಿತು. 2009ರಲ್ಲಿ ಇನ್ನೊಬ್ಬ ಪೊಲೀಸರ ಕಾರಿಗೆ ಸಿಕ್ಕು ಒಬ್ಬ ಹೆಂಗಸು ಸತ್ತರು. ಅವರು ಊದಲು ಒಪ್ಪಲಿಲ್ಲ. ಕೋರ್ಟಿನ ಆದೇಶ ತಂದು ರಕ್ತ ತೆಗೆಯುವ ಹೊತ್ತಿಗೆ ಗಂಟೆಗಳು ಕಳೆದು ಏನೂ ಉಳಿದಿರಲಿಲ್ಲ. ತಪ್ಪು ಒಪ್ಪಿಕೊಂಡರು, 90 ದಿನ ಜೈಲು. ಎರಡೂ ಒಂದೇ ತರಹದ ಕೇಸಲ್ಲ, ಸತ್ತವರ ಲೆಕ್ಕವೂ ಬೇರೆ. ಆದರೂ 90 ದಿನ ಅನ್ನುವುದನ್ನು ಓದಿ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾಗಿ ಪೊಲೀಸರಿಗೆ ಶಿಕ್ಷೆಯೇ ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾಕ್ಷಿ ಉಳಿದ ಕಡೆ ಶಿಕ್ಷೆ ಆಗಿದೆ, ಜೋರಾಗಿಯೇ ಆಗಿದೆ. ಸಾಕ್ಷಿ ಉಳಿಯುವ ಅವಕಾಶ ಎಲ್ಲರ ಕೇಸಿನಲ್ಲೂ ಒಂದೇ ಆಗಿಲ್ಲ. ಅಸಮಾನತೆ ಇರುವುದು ಅಲ್ಲಿ. ಪೊಲೀಸರಿಗೆ ಜಾಸ್ತಿ ಶಿಕ್ಷೆ ಕೊಡಿ ಅಂತಲೂ ನಾನು ಕೇಳುವುದಿಲ್ಲ. ಬೇರೆಯವರಷ್ಟೇ ಬೇಗ ಅವರ ರಕ್ತ ತೆಗೆಯಿರಿ ಅಂತ ಕೇಳುತ್ತೇನೆ.

ಅದಕ್ಕೆ ದಾರಿಗಳಿವೆ. ಕೆನಡಾದ ಒಂಟಾರಿಯೊದಲ್ಲಿ 1990ರಿಂದ ಎಸ್‌ಐಯು ಅನ್ನುವ ಬೇರೆ ಸಂಸ್ಥೆ ಇದೆ. ಪೊಲೀಸರ ಕೈಯಲ್ಲಿ ಸಾವು, ದೊಡ್ಡ ಗಾಯ ಆದರೆ ತನಿಖೆ ಅವರದು. ಇಂಗ್ಲೆಂಡಿನಲ್ಲಿ 2018ರಿಂದ ಐಒಪಿಸಿ ಅನ್ನುವ, ಪೊಲೀಸರ ನಡತೆಯನ್ನು ತನಿಖೆ ಮಾಡುವ ಸ್ವತಂತ್ರ ಸಂಸ್ಥೆ ಇದೆ. ಆ ದೇಶದಲ್ಲಿ ಕಾರಣವಿಲ್ಲದೆ ಸ್ಯಾಂಪಲ್ ಕೊಡಲು ಒಪ್ಪದಿರುವುದೇ ಒಂದು ಅಪರಾಧ. ನಮ್ಮಲ್ಲಿ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ದೂರು ಪ್ರಾಧಿಕಾರಗಳನ್ನು ಮಾಡಿ ಅಂದಿತು. ಅವು ದೂರು ಬಂದ ಮೇಲೆ ನೋಡುವ ಸಂಸ್ಥೆಗಳು. ನಡುರಾತ್ರಿ ಆಸ್ಪತ್ರೆಗೆ ಬಂದು ನಿಲ್ಲುವವರು ನಮಗೆ ಬೇಕಾಗಿದ್ದಾರೆ.

ಒಂಟಾರಿಯೊದಂಥದ್ದು ಇಲ್ಲಿ ಬರಲು ಎಷ್ಟು ವರ್ಷ ಬೇಕೋ. ಅಲ್ಲಿಯವರೆಗೆ ಮೂರು ಸಣ್ಣ ಬದಲಾವಣೆ ಆದರೂ ಸಾಕು. ಸಾವಾದ ಅಪಘಾತದಲ್ಲಿ ಚಾಲಕ ಯಾರೇ ಇರಲಿ, ಬಂಧಿಸಲಿ ಬಿಡಲಿ, ಎರಡು ಗಂಟೆಯೊಳಗೆ ರಕ್ತ ತೆಗೆಯಲೇಬೇಕು ಅನ್ನುವ ನಿಯಮ ಬರಲಿ. ಆರೋಪಿ ಪೊಲೀಸ್ ಆದರೆ ಸ್ಯಾಂಪಲ್ ಸಾಗಿಸುವುದು ಅವರ ಠಾಣೆಯವರಲ್ಲ, ಮ್ಯಾಜಿಸ್ಟ್ರೇಟ್ ಕಳಿಸಿದವರು ಆಗಲಿ. ಎರಡನೇ ಟ್ಯೂಬ್ ಆಸ್ಪತ್ರೆಯ ಫ್ರಿಜ್‌ನಲ್ಲೇ ಉಳಿಯಲಿ. ತಪ್ಪು ಮಾಡದ ಪೊಲೀಸರಿಗೂ ಇದು ಒಳ್ಳೆಯದು. ಬೇಗ ತೆಗೆದ ಟ್ಯೂಬಿನಲ್ಲಿ ಸೊನ್ನೆ ಬಂದರೆ ಊರೆಲ್ಲ ಏನೇ ಅಂದರೂ ಅವರ ಕೈಯಲ್ಲಿ ಪುರಾವೆ ಇರುತ್ತದೆ. ಐದು ಗಂಟೆ ಬಿಟ್ಟು ಬಂದ ಸೊನ್ನೆಯನ್ನು ಯಾರೂ ನಂಬುವುದಿಲ್ಲ.

ಇಂಥ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಒಂದು ಮಾತು. ಆ ದಿನ ಏನೂ ತೋಚುವುದಿಲ್ಲ, ನನಗೆ ಗೊತ್ತು. ನೀವು ಹೋಗಲಾಗದಿದ್ದರೆ ನೆಂಟರಲ್ಲಿ ಯಾರನ್ನಾದರೂ ಕಳಿಸಿ. ಅಪಘಾತ ಎಷ್ಟು ಗಂಟೆಗೆ ಆಯಿತು, ಚಾಲಕನನ್ನು ಊದಿಸಿದರಾ, ರಕ್ತ ಎಷ್ಟು ಹೊತ್ತಿಗೆ ತೆಗೆದರು, ಯಾವ ಡಾಕ್ಟರ್ ಮುಂದೆ, ಟ್ಯೂಬ್ ಈಗ ಯಾರ ಹತ್ತಿರ ಇದೆ, ಇಷ್ಟನ್ನು ಕೇಳಿ ಅರ್ಜಿ ಬರೆದು ಠಾಣೆಗೂ ಆಸ್ಪತ್ರೆಗೂ ಅಂದೇ ಕೊಡಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ರಕ್ತ ಇನ್ನೂ ತೆಗೆದಿಲ್ಲ ಅಂತ ಗೊತ್ತಾದರೆ ಅಲ್ಲೇ ನಿಂತು ಡ್ಯೂಟಿ ಡಾಕ್ಟರನ್ನು ಕೇಳಿ.