ಹೆಣ್ಣುಮಗಳಾಗಿ ಆ ನೂಕುನುಗ್ಗಲಿನಲ್ಲಿ ಹೇಗೆ ನಿಲ್ಲುತ್ತೀರಿ?

ದೆಹಲಿಯ ನಾಯಕರು ದಾವಣಗೆರೆಗೆ ಬಂದು ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಕ್ಯಾಮೆರಾ ಹೊತ್ತ ಗಂಡಸರ ನಡುವೆ ನನ್ನನ್ನು ಕಂಡವರು ಕಾಳಜಿಯಿಂದಲೇ ಕೇಳುತ್ತಾರೆ. ನನ್ನ ಉತ್ತರ ಹೋಮೈ ವ್ಯಾರವಾಲಾ ಅವರಿಂದ ಶುರುವಾಗುತ್ತದೆ.

1913ರಲ್ಲಿ ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಅವರು ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಮೊದಮೊದಲು ಅವರ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. 1942ರಲ್ಲಿ ದೆಹಲಿಗೆ ಹೋದ ಮೇಲೆ, ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸೈಕಲ್ ಮೇಲೆ ಊರೆಲ್ಲ ಸುತ್ತಿದರು. ಈ ಹೆಂಗಸು ಏನು ಮಾಡಿಯಾಳು ಎಂದು ಸುತ್ತಲಿನವರು ಉದಾಸೀನ ಮಾಡಿದರು. ಆ ಉದಾಸೀನವೇ ಅವರಿಗೆ ದಾರಿ ಬಿಟ್ಟುಕೊಟ್ಟಿತು. 1947ರ ಆಗಸ್ಟ್ 16ರಂದು ಕೆಂಪುಕೋಟೆಯ ಮೇಲೆ ಹಾರಿದ ಧ್ವಜ, ಮೌಂಟ್‌ಬ್ಯಾಟನ್ ನಿರ್ಗಮನ, ಗಾಂಧೀಜಿಯವರ ಅಂತ್ಯಯಾತ್ರೆ, ಎಲ್ಲವೂ ಅವರ ಕ್ಯಾಮೆರಾದಲ್ಲಿ ಸೆರೆಯಾದವು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವಿಮಾನ ನಿಲ್ದಾಣದ ಒಂದು ಚಿತ್ರ. ತಂಗಿ ವಿಜಯಲಕ್ಷ್ಮಿ ಪಂಡಿತ್ ಅವರಿಗಾಗಿ ನೆಹರೂ ಕಾಯುತ್ತ ನಿಂತಿದ್ದಾರೆ; ಪಕ್ಕದಲ್ಲೇ ಛಾಯಾಗ್ರಹಣ ನಿಷೇಧಿಸಲಾಗಿದೆ ಎಂಬ ಫಲಕ! ಪ್ರಧಾನಿಯನ್ನು ಅಲ್ಲಿ ಹೊಗಳಿಲ್ಲ, ಹಂಗಿಸಿಯೂ ಇಲ್ಲ. ಅಧಿಕಾರಸ್ಥರ ಹತ್ತಿರ ಹೋಗಿಯೂ ಅವರ ಬಳಗಕ್ಕೆ ಸೇರದೆ ಉಳಿಯುವುದೆಂದರೆ ಇದು. ನಮ್ಮ ಜಿಲ್ಲೆಗಳಲ್ಲಿ ಅದು ಇನ್ನೂ ಕಷ್ಟ. ಇಲ್ಲಿ ನಾಯಕರು ಹೆಸರು ಹಿಡಿದು ಕರೆಯುತ್ತಾರೆ, ಮನೆಯ ಮದುವೆಗೆ ಆಹ್ವಾನಿಸುತ್ತಾರೆ. ನೂಕುನುಗ್ಗಲಿಗಿಂತ ಆ ಸಲಿಗೆಗೇ ನಾನು ಹೆಚ್ಚು ಹೆದರುತ್ತೇನೆ.

1970ರಲ್ಲಿ ಹೋಮೈ ಕೆಲಸ ಬಿಟ್ಟರು. ಹೊಸ ಛಾಯಾಗ್ರಾಹಕರ ನಡತೆ, ಮೈಮೇಲೆ ಬೀಳುವ ಧಾವಂತ ಅವರಿಗೆ ಸಹಿಸಲಾಗಲಿಲ್ಲ. 2011ರಲ್ಲಿ ಪದ್ಮವಿಭೂಷಣ ಬಂತು, ಮರುವರ್ಷ ತೀರಿಕೊಂಡರು.

ಅವರ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಆ ನಿರ್ಧಾರವನ್ನು ಒಪ್ಪಲು ನನ್ನಿಂದ ಆಗಿಲ್ಲ. 1975ರ ತುರ್ತು ಪರಿಸ್ಥಿತಿಯ ದೆಹಲಿಯನ್ನು ಆ ಕಣ್ಣುಗಳು ನೋಡಬೇಕಿತ್ತು. ಮರ್ಯಾದೆಯುಳ್ಳವರು ಬದಿಗೆ ಸರಿದರೆ ಆ ಜಾಗಕ್ಕೆ ಯಾರು ಬರುತ್ತಾರೆಂಬುದನ್ನು ಪ್ರತಿ ಸಮಾವೇಶದಲ್ಲೂ ಕಾಣುತ್ತಿದ್ದೇನೆ. ಆದ್ದರಿಂದ ಕೇಳುವವರಿಗೆ ಹೇಳುತ್ತೇನೆ: ಭಯವಾಗುತ್ತದೆ, ಮೊಣಕೈಯ ಪೆಟ್ಟೂ ಬೀಳುತ್ತದೆ, ಆದರೆ ನಾನು ಬಿಟ್ಟು ಹೋಗುವವಳಲ್ಲ.