ತಿಂಗಳ ಚೀಟಿ ಎಲ್ಲಿಗೆ ಹೋಯಿತು?

ರಾಯಚೂರಿನ ತೀನ್ ಕಂದೀಲ್, ಪಟೇಲ್ ರಸ್ತೆ, ಮಹಾವೀರ ವೃತ್ತದ ಸುತ್ತ ಸಂಜೆ ಹೊತ್ತು ಈಗಲೂ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲ ನೋಡಿದವರು "ಯಾಪಾರ ಛಲೋ ಐತಿ ಬಿಡ್ರಿ" ಅನ್ನುತ್ತಾರೆ. ಅದೇ ಸಾಲಿನಲ್ಲಿ ಶಟರ್ ಎಳೆದ ಕಿರಾಣಿ ಅಂಗಡಿ ಕಂಡವರು "ಆನ್‌ಲೈನ್ ಬಂದು ಎಲ್ಲಾ ಹಾಳಾತು" ಅನ್ನುತ್ತಾರೆ. ಎರಡೂ ಅರ್ಧ ಮಾತ್ರ ನಿಜ. ಕಿರಾಣಿ ಅಂಗಡಿಗೆ ಗಿರಾಕಿ ಬರುವುದು ನಿಂತಿಲ್ಲ. ಬೆಳಿಗ್ಗೆ ಹಾಲಿನ ಪಾಕೀಟು, ಮಧ್ಯಾಹ್ನ ಕಾಲು ಕೆಜಿ ಪುಟಾಣಿ, ರಾತ್ರಿ ಸೊಳ್ಳೆ ಬತ್ತಿ ಬೇಕೆಂದು ಬಂದೇ ಬರುತ್ತಾರೆ. ಬರುವುದು ನಿಂತಿರುವುದು ತಿಂಗಳ ಚೀಟಿ.

ಸಂಬಳದ ಮನೆಗಳಲ್ಲಿ ತಿಂಗಳ ಕೊನೆಗೆ ಒಂದು ಹಾಳೆಯಲ್ಲಿ ಸಾಮಾನು ಬರೆದು ಅಂಗಡಿಗೆ ಕೊಡುವ ಪದ್ಧತಿ ಇತ್ತು. ತೊಗರಿಬೇಳೆ 3 ಕೆಜಿ, ಎಣ್ಣೆ 4 ಪಾಕೀಟು, ಸಕ್ಕರೆ 4 ಕೆಜಿ, ಚಹಾಪುಡಿ ಅರ್ಧ ಕೆಜಿ, ಬಟ್ಟೆ ಸೋಪು, ಮೈ ಸೋಪು, ಅವಲಕ್ಕಿ, ರವೆ, ಸಾಸಿವೆ, ಜೀರಿಗೆ, ಊದಿನಕಡ್ಡಿ. ಹುಡುಗ ಕಟ್ಟಿ ರಟ್ಟಿನ ಡಬ್ಬಿಯಲ್ಲಿ ಮನೆಗೆ ಮುಟ್ಟಿಸುತ್ತಿದ್ದ. ಒಂದೇ ಬಿಲ್ಲು, ಬಹಳ ಮಟ್ಟಿಗೆ ನಗದು. ಆ ಬಿಲ್ಲು ಈಗ ಊರ ಹೊರಗಿನ ದೊಡ್ಡ ರಸ್ತೆಗಳ ಸೂಪರ್ ಮಾರ್ಕೆಟ್ಟಿಗೆ ಹೋಗಿದೆ, ಸ್ವಲ್ಪ ಭಾಗ ಮೊಬೈಲಿಗೆ. ಬಜಾರಿನ ಅಂಗಡಿಗೆ ಉಳಿದದ್ದು ಮರೆತುಹೋದ ಸಾಮಾನು, ತುರ್ತಿನ ಸಾಮಾನು ಮತ್ತು ಉದ್ರಿ.

ಇದರ ಪೆಟ್ಟು ಎಷ್ಟೆಂದು ತಿಳಿಯಲು ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಸಾಧಾರಣ ಅಂಗಡಿ; ದಿನದ ಬಿಡಿ ವ್ಯಾಪಾರ 8,000 ರೂಪಾಯಿ, ತಿಂಗಳಿಗೆ 2,40,000. ಸಕ್ಕರೆಯಲ್ಲಿ ಕೆಜಿಗೆ ಒಂದೋ ಎರಡೋ ರೂಪಾಯಿ, 10 ರೂಪಾಯಿಯ ಬಿಸ್ಕಿಟ್ ಪುಡಿಕೆಯಲ್ಲಿ ಒಂದು ರೂಪಾಯಿಯ ಆಜುಬಾಜು, ಬಿಡಿ ಜೀರಿಗೆ ಸಾಸಿವೆಯಲ್ಲಿ ಸ್ವಲ್ಪ ಹೆಚ್ಚು. ಎಲ್ಲ ಕೂಡಿಸಿ ಸರಾಸರಿ ಶೇ 9 ಹಿಡಿದರೆ ಸಿಗುವುದು 21,600. ಬಾಡಿಗೆ 7,000, ಹುಡುಗನ ಪಗಾರ 8,000, ಕರೆಂಟು 1,800, ಆಟೊ ಬಾಡಿಗೆ, ಚೀಲ, ಕಾಗದ, ಸೌಂಡ್‌ಬಾಕ್ಸ್ ಎಲ್ಲ ಸೇರಿ 2,000. ಖರ್ಚು 18,800. ಕೈಗೆ ಉಳಿಯುವುದು 2,800.

ಈಗ ಅದೇ ಅಂಗಡಿಗೆ ನಲವತ್ತು ಮನೆಗಳ ಚೀಟಿ ಸೇರಿಸಿ. ಮನೆಗೆ 4,000ದಂತೆ 1,60,000 ರೂಪಾಯಿ. ಚೀಟಿಯಲ್ಲಿ ಎಣ್ಣೆ, ಸಕ್ಕರೆ, ಬೇಳೆಯೇ ಹೆಚ್ಚಿರುವುದರಿಂದ ಲಾಭ ಶೇ 7ಕ್ಕೆ ಇಳಿಯುತ್ತದೆ, ಆದರೂ 11,200. ಇದಕ್ಕೆ ಹೆಚ್ಚಿನ ಬಾಡಿಗೆ ಇಲ್ಲ, ಹೆಚ್ಚಿನ ಪಗಾರ ಇಲ್ಲ. ಕೈಗೆ ಉಳಿಯುತ್ತಿದ್ದುದು 14,000. ಅಂದರೆ ಚೀಟಿ ಹೋದಾಗ ವ್ಯಾಪಾರ ಶೇ 40ರಷ್ಟು ಕಡಿಮೆಯಾಯಿತು, ಮನೆ ನಡೆಸುವ ದುಡ್ಡು ಮಾತ್ರ ಐದರಲ್ಲಿ ನಾಲ್ಕು ಪಾಲು ಹೋಯಿತು. ಇಡೀ ದಿನ ಗಿರಾಕಿ ಇದ್ದೂ ಅಂಗಡಿ ಮುಚ್ಚುವುದು ಹೀಗೆ.

ಇದರ ಬೆನ್ನಿಗೆ ಇನ್ನೊಂದು ಪೆಟ್ಟಿದೆ. ಚೀಟಿ ಇದ್ದಾಗ ಸೋಪು, ಪೇಸ್ಟು, ಡಿಟರ್ಜೆಂಟನ್ನು ಕೇಸುಗಟ್ಟಲೆ ಎತ್ತಬಹುದಿತ್ತು. ಕೇಸು ಎತ್ತಿದರೆ ಸ್ಕೀಮು: ಹನ್ನೆರಡಕ್ಕೆ ಒಂದು ಫ್ರೀ, ಇಲ್ಲವೇ ಬಿಲ್ಲಿನಲ್ಲಿ ಶೇ 2–3 ಕಡಿತ. ಮಾಲು ಓಡದಿದ್ದರೆ ಕೇಸು ಎತ್ತಲು ಧೈರ್ಯ ಬರುವುದಿಲ್ಲ. ಆಗ ಹೋಲ್‌ಸೇಲ್ ಅಂಗಡಿಯಿಂದ ಆರಾರು ಪೀಸು ತರಬೇಕು, ಸ್ಕೀಮು ಹೋಲ್‌ಸೇಲಿನವರ ಪಾಲು. ಡಿಸ್ಟ್ರಿಬ್ಯೂಟರ್ ಸೇಲ್ಸ್‌ಮನ್ ವಾರಕ್ಕೊಮ್ಮೆ ಬರುತ್ತಿದ್ದವನು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಅವನು ಬರದಿದ್ದರೆ ಎಕ್ಸ್‌ಪೈರಿ ಮಾಲು, ಡ್ಯಾಮೇಜು ವಾಪಸ್ ತೆಗೆದುಕೊಳ್ಳುವವರೂ ಇಲ್ಲ. ಹೋಲ್‌ಸೇಲಿನಿಂದ ಬಿಲ್ಲಿಲ್ಲದೆ ತಂದ ಮಾಲಿಗೆ ವಾಪಸಾತಿ ಇರುವುದೇ ಇಲ್ಲ. ತಾರೀಕು ಮೀರಿದ ಒಂದು ಡಬ್ಬಿ ಹಾರ್ಲಿಕ್ಸ್, ಮಾರಿದ ಹತ್ತು ಡಬ್ಬಿಯ ಲಾಭವನ್ನು ತಿಂದುಹಾಕುತ್ತದೆ.

ಸೂಪರ್ ಮಾರ್ಕೆಟ್ಟಿಗೆ ಹೋಗುವವರನ್ನು ದೂರುವುದು ನ್ಯಾಯವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಎ.ಸಿ. ಇರುವ ಅಂಗಡಿಯಲ್ಲಿ ಮಕ್ಕಳ ಜೊತೆ ಒಂದು ತಾಸು ಕಳೆಯುವುದೇ ಒಂದು ಸುಖ. ಗಾಡಿ ನಿಲ್ಲಿಸಲು ಜಾಗ ಇರುತ್ತದೆ. ಬೆಲೆ ಬರೆದಿರುತ್ತದೆ, ಕೇಳುವ ಮುಜುಗರ ಇಲ್ಲ. ಬೇಡವಾದದ್ದನ್ನು ವಾಪಸ್ ಇಟ್ಟರೆ ಯಾರೂ ಮುಖ ಗಂಟು ಹಾಕುವುದಿಲ್ಲ. ಬಜಾರಿನ ಎಷ್ಟೋ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ರಸ್ತೆಯ ಮೇಲೆ ನಿಂತೇ, ಎಮ್ಮೆ, ಆಟೊಗಳ ನಡುವೆ ಸಾಮಾನು ಕೇಳಬೇಕು. ಒಂದು ಬೆಂಚು, ಒಂದು ತಂಪು ನೀರಿನ ಗಡಿಗೆ, ನೆರಳಿಗೊಂದು ಪರದೆ ಹಾಕಲು ದೊಡ್ಡ ಬಂಡವಾಳ ಬೇಡ. ಎಷ್ಟು ಅಂಗಡಿಗಳು ಹಾಕಿವೆ ನೋಡಿ.

ಉದ್ರಿಯ ವಿಷಯ ಇನ್ನೂ ಗಂಭೀರ. "ಬರಕೋರಿ ಸಾವ್ಕಾರ್ರ, ಪಟ್ಟಿ ಬಂದ ಕೂಡ್ಲೆ ಕೊಡ್ತೀವಿ" ಎಂಬ ಮಾತಿನ ಮೇಲೆ ಈ ಭಾಗದ ವ್ಯಾಪಾರ ನಿಂತಿದೆ. ಹತ್ತಿ ಬಿಡಿಸಿ, ಭತ್ತ ಕೊಯ್ದು ರಾಜೇಂದ್ರ ಗಂಜ್ ಎಂಬ ಇಲ್ಲಿನ ಕೃಷಿ ಮಾರುಕಟ್ಟೆಗೆ ಮಾಲು ಬಂದು, ದಲಾಲರ ಅಡತಿ ಅಂಗಡಿಯಲ್ಲಿ ಪಟ್ಟಿ, ಅಂದರೆ ಮಾರಾಟದ ಲೆಕ್ಕ, ಆದ ಮೇಲೆಯೇ ಹಳ್ಳಿಯ ಗಿರಾಕಿಯ ಕೈಯಲ್ಲಿ ದುಡ್ಡು. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಹೋಯಿತು. ಮುಂದೆ ಗೇಟುಗಳನ್ನೆಲ್ಲ ಬದಲಿಸುವ ಸಲುವಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಎಡದಂಡೆ ಕಾಲುವೆಯ ರೈತನ ಒಂದು ಬೆಳೆ ಹೋದರೆ ಅವನ ಉದ್ರಿ ಇನ್ನೊಂದು ಸುಗ್ಗಿಯವರೆಗೆ ನಿಲ್ಲುತ್ತದೆ. ಹಿಂದೆ ಪೇಟೆಯ ಚೀಟಿಯಿಂದ ಬಂದ ನಗದು ಹಳ್ಳಿಯ ಉದ್ರಿಯನ್ನು ಹೊತ್ತು ನಡೆಸುತ್ತಿತ್ತು. ನಗದು ಹೋಗಿ ಉದ್ರಿ ಮಾತ್ರ ಉಳಿದರೆ ಅಂಗಡಿಯವನು ಬಡ್ಡಿ ಸಾಲ ತಂದು ಮಾಲು ತುಂಬಬೇಕಾಗುತ್ತದೆ.

ಉದ್ರಿ ಬಿಡಿ ಎಂದು ಹೇಳುವವರಿಗೆ ಈ ಊರು ಗೊತ್ತಿಲ್ಲ. ಬಿಡದೆ ಕಟ್ಟು ಹಾಕಬಹುದು. ಮಾಲಿನಲ್ಲಿ ತೊಡಗಿಸಿದ ಬಂಡವಾಳದ ಮೂರನೇ ಒಂದು ಪಾಲಿಗಿಂತ ಒಟ್ಟು ಉದ್ರಿ ಹೆಚ್ಚಬಾರದು. ಸಂಬಳದವರದು 7ನೇ ತಾರೀಕಿನೊಳಗೆ ಚುಕ್ತಾ ಆಗಬೇಕು, ಆಗದಿದ್ದರೆ ಹೊಸದು ಬರೆಯಬಾರದು. ಒಂದು ಮನೆಗೆ ಒಂದೇ ಖಾತೆ; ಅಣ್ಣನ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು ತೆರೆದರೆ ಯಾರೂ ತೀರಿಸುವುದಿಲ್ಲ. ಗಿರಾಕಿಯ ಕೈಯಲ್ಲೂ ಒಂದು ಸಣ್ಣ ಪುಸ್ತಕ ಇರಲಿ, ಎರಡರಲ್ಲೂ ಒಂದೇ ಸಲ ಬರೆಯಬೇಕು. ಮಾರಿದ ಮಾಲಿನ ಬಾಕಿಗೆ ಕಾನೂನಿನಲ್ಲಿ ಮೂರು ವರ್ಷದ ಅವಧಿ ಇದೆ. ಅದು ಮುಗಿಯುವ ಮೊದಲು ಬಾಕಿ ಒಪ್ಪಿ ಸಹಿ ಮಾಡಿಸಿಕೊಂಡರೆ ಅವಧಿ ಹೊಸದಾಗಿ ಶುರುವಾಗುತ್ತದೆ. ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜೆ ಮಾಡುವಾಗ ಹಳೆ ಬಾಕಿಯನ್ನು ಸಹಿ ಸಮೇತ ಹೊಸ ಪುಟಕ್ಕೆ ಇಳಿಸುವುದು ಒಳ್ಳೆಯ ರೂಢಿ.

ಇನ್ನು ತೆರಿಗೆ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ರಾಜ್ಯದ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡು ತೆಗೆದು "ನಗದು ಮಾತ್ರ" ಎಂದು ಬೋರ್ಡು ಹಾಕಿದವು. ಅದು ಚೀಟಿಯ ಗಿರಾಕಿಯನ್ನು ಕೈಯಾರೆ ದೂಡಿದಂತೆ. ಜೇಬಿನಲ್ಲಿ ನೋಟು ಇಟ್ಟುಕೊಳ್ಳದವರು ಎದುರಿನ ಅಂಗಡಿಗೆ ಹೋಗುತ್ತಾರೆ. ಲೆಕ್ಕ ತಿಳಿದರೆ ಹೆದರಿಕೆ ಇಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ; ದಿನಕ್ಕೆ 11,000ದ ವ್ಯಾಪಾರ ಆದರೆ ಅದು ಮುಟ್ಟುತ್ತದೆ. ತೆರಿಗೆ ಇಲ್ಲದ ಹಾಲು, ಬಿಡಿ ಅಕ್ಕಿ, ತರಕಾರಿಯ ಮಾರಾಟವೂ ಈ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮಿತಿ ದಾಟಿದವರಿಗೆ ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಪದ್ಧತಿ ಇದೆ. ತೆರಿಗೆ ಬೀಳುವ ಮಾರಾಟದ ಮೇಲೆ ಶೇ 1, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಅಂಗಡಿಯ ಕ್ಯೂಆರ್ ಕೋಡಿಗೆ ಬೇರೆಯೇ ಖಾತೆ ಇಡಬೇಕು. ಮಗಳ ಫೀಸಿಗೆ ತಮ್ಮ ಕಳಿಸಿದ ದುಡ್ಡು, ಕೈಗಡ, ಚೀಟಿ ಫಂಡಿನ ದುಡ್ಡು ಅದೇ ಖಾತೆಗೆ ಬಿದ್ದರೆ ಅಷ್ಟೂ ವ್ಯಾಪಾರವೆಂದೇ ಕಾಣುತ್ತದೆ.

ಬಿಡಿ ಮಾಲು ಮಾರುವವರಿಗೆ ತೆರಿಗೆಯಲ್ಲೇ ಒಂದು ಅನುಕೂಲ ಇದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪಾಕೀಟಿಗೆ ಶೇ 5 ಜಿಎಸ್‌ಟಿ. ಅದಕ್ಕೇ ಗಿರಣಿಗಳಿಂದ 26 ಕೆಜಿ ಚೀಲ ಬರತೊಡಗಿತು. ಆ ಚೀಲ ಬಿಚ್ಚಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಕೆಜಿಗೆ 55 ರೂಪಾಯಿಯ ಅಕ್ಕಿಯಾದರೆ 25 ಕೆಜಿಗೆ ಸುಮಾರು 69 ರೂಪಾಯಿ ವ್ಯತ್ಯಾಸ. ರಾಯಚೂರಿನಲ್ಲಿ ಅಕ್ಕಿ ಗಿರಣಿಗಳು ಕೂಗಳತೆಯಲ್ಲಿವೆ. ನಾಲ್ಕು ಅಂಗಡಿಯವರು ಕೂಡಿ ಒಂದು ಗಾಡಿ ಸೋನಾ ಮಸೂರಿ ತರಿಸಿದರೆ ನಡುವಿನ ಕೈ ಒಂದು ತಪ್ಪುತ್ತದೆ. ತರುವಾಗ ಹೊಸ ಅಕ್ಕಿಯೋ ಹಳೆಯದೋ ಕೇಳಿ ಬೇರೆ ಬೇರೆ ಇಡಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ನೀರು ಕಡಿಮೆ ಬೇಕು. ಆರು ತಿಂಗಳು ದಾಟಿದ್ದು ಉದುರುದುರು. ಇದನ್ನು ಹೇಳಿ ಮಾರುವ ಅಂಗಡಿಗೆ ಗಿರಾಕಿ ತಾನಾಗಿ ವಾಪಸ್ ಬರುತ್ತಾರೆ.

ಜೋಳವೂ ಹಾಗೆಯೇ. ಪಾಕೀಟಿನ ಜೋಳದ ಹಿಟ್ಟು ಬೀಸಿ ಎಷ್ಟು ದಿನವಾಗಿದೆಯೋ ಹೇಳಲಾಗದು. ಹಳತಾದರೆ ಕಹಿ ಬರುತ್ತದೆ, ಜಿಗಿ ಹೋಗಿ ರೊಟ್ಟಿ ತಟ್ಟುವಾಗ ಅಂಚು ಸೀಳುತ್ತದೆ. ಹಿಂಗಾರಿನ ಬಿಳಿ ಜೋಳ, ಅದರಲ್ಲೂ ಮಾಲ್ದಂಡಿ, ಕಲ್ಲು ಮಣ್ಣು ಆಯ್ದು ಇಟ್ಟು, ಗಿರಣಿಗೆ ಒಯ್ದು ಬೀಸಿಸಿ ಮನೆಗೆ ಮುಟ್ಟಿಸುವ ಕೆಲಸವನ್ನು ಅಂಗಡಿ ವಹಿಸಿಕೊಳ್ಳಲಿ. ವಾರಕ್ಕೆ 5 ಕೆಜಿ ಹಿಟ್ಟು ಬೇಕಾದ ಮನೆಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ, ಸೂಪರ್ ಮಾರ್ಕೆಟ್ಟಿಗೆ ಇದು ಸಾಧ್ಯವೂ ಇಲ್ಲ.

ಬಿಡಿ ಮಾಲಿನ ವೈರಿ ಬೇಸಿಗೆ ಮತ್ತು ಹುಳ. ಮಾರ್ಚಿನಿಂದ ಜೂನ್‌ವರೆಗೆ ರವೆ, ಕಡಲೆಹಿಟ್ಟನ್ನು ಒಂದು ವಾರಕ್ಕೆ ಆಗುವಷ್ಟೇ ತರಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹೊಸ ಮಾಲನ್ನು ಹಳೆಯದರ ಮೇಲೆ ಸುರಿಯಬೇಡಿ. ಡಬ್ಬಿಯ ತಳದಲ್ಲಿ ಉಳಿದ ಒಂದು ಹಿಡಿ ಹಳೆ ರವೆಯ ಹುಳವೇ ಹೊಸ ಚೀಲವನ್ನೆಲ್ಲ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಿ, ಪ್ರಮಾಣಪತ್ರ ಗಿರಾಕಿಗೆ ಕಾಣುವಂತೆ ತೂಗುಹಾಕಿ.

ಬಟ್ಟೆ ಅಂಗಡಿಗಳ ಪಾಡು ಬೇರೆ. ಅಲ್ಲಿ ರೆಡಿಮೇಡ್ ಹೋಗಿದೆ, ಮದುವೆ ಜವಳಿ ಇನ್ನೂ ಉಳಿದಿದೆ. ಹತ್ತು ಮಂದಿ ಕೂತು, ಸೆರಗು ಬಿಚ್ಚಿ ನೋಡಿ ಆರಿಸುವ ಕೆಲಸ ಮೊಬೈಲಿನಲ್ಲಿ ಆಗುವುದಿಲ್ಲ. ಇಳಕಲ್ ಸೀರೆ ಎಂದು ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವುದರಲ್ಲಿ ಬಹಳಷ್ಟು ಪವರ್‌ಲೂಮಿನದು. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೂಡಿದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡು ಸೀರೆಯ ಅಗಲಕ್ಕೂ ಬೆರಳಿಗೆ ಸಿಗುತ್ತದೆ. ಇದನ್ನು ಗಿರಾಕಿಯ ಕೈಯಲ್ಲಿ ಮುಟ್ಟಿಸಿ ತೋರಿಸದ ಜವಳಿ ಅಂಗಡಿ ತನ್ನ ಒಳ್ಳೆಯ ಮಾಲನ್ನು ತಾನೇ ಅಗ್ಗ ಮಾಡಿಕೊಳ್ಳುತ್ತಿದೆ.

ಮತ್ತೆ ಕಿರಾಣಿಗೆ ಬರೋಣ. ಹೋದ ಚೀಟಿಯನ್ನು ವಾಪಸ್ ತರುವುದು ಕಷ್ಟ, ಆದರೆ ಆಗದ ಕೆಲಸ ಅಲ್ಲ. ಗಿರಾಕಿಗೆ ನೂರು ಸಾಮಾನಿನ ಬೆಲೆ ನೆನಪಿರುವುದಿಲ್ಲ. ಐದಾರರ ಬೆಲೆ ಮಾತ್ರ ಬಾಯಿಪಾಠ: ಎಣ್ಣೆ, ಸಕ್ಕರೆ, ತೊಗರಿಬೇಳೆ, ಚಹಾಪುಡಿ, ಬಟ್ಟೆ ಸೋಪಿನ ಪುಡಿ. ಇವಷ್ಟರಲ್ಲಿ ಸೂಪರ್ ಮಾರ್ಕೆಟ್ಟಿನ ಬೆಲೆಗೆ ಇಳಿಯಿರಿ, ಲಾಭ ಉಳಿಯದಿದ್ದರೂ ಪರವಾಗಿಲ್ಲ. ಮಸಾಲೆ, ಒಣ ಕೊಬ್ಬರಿ, ಶೇಂಗಾ, ಗುರೆಳ್ಳು, ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬೆಲೆ ಇಳಿಸುವ ಜಿದ್ದಿಗೆ ಬೀಳಬೇಡಿ, ಮಾಲು ಮಾತ್ರ ಒಂದು ಕೈ ಮೇಲಿರಲಿ.

ತಿಂಗಳ 28ನೇ ತಾರೀಕಿಗೆ ಪ್ರತಿ ಮನೆಗೂ ಹಿಂದಿನ ತಿಂಗಳು ಅವರು ಒಯ್ದ ಸಾಮಾನಿನ ಪಟ್ಟಿಯನ್ನು, ಇವತ್ತಿನ ಬೆಲೆ ಸಮೇತ, ವಾಟ್ಸಾಪಿನಲ್ಲಿ ಕಳಿಸಿ. ಅವರು ಹೊಸದಾಗಿ ಬರೆಯುವ ಕೆಲಸ ತಪ್ಪಬೇಕು, ಕೂಡಿಸುವುದು ಕಳೆಯುವುದಷ್ಟೇ ಉಳಿಯಬೇಕು. ಆ ಬೆಲೆ 5ನೇ ತಾರೀಕಿನವರೆಗೆ ಕದಲದಿರಲಿ. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸಲಿ. ಬೆಳಿಗ್ಗೆ 11ರೊಳಗೆ ಬಂದದ್ದನ್ನು ಮಧ್ಯಾಹ್ನ, ಬಿಸಿಲಿಗೆ ಗಿರಾಕಿ ಇಲ್ಲದ 1ರಿಂದ 4ರವರೆಗೆ ಕಟ್ಟಬೇಕು. ಸಂಜೆ 5ರ ಮೇಲೆ ಒಂದೇ ಸುತ್ತಿನಲ್ಲಿ, ಓಣಿ ಪ್ರಕಾರ ಹಂಚಬೇಕು. ಒಂದೊಂದೇ ಮನೆಗೆ ಓಡಿದರೆ ಪೆಟ್ರೋಲಿಗೇ ಲಾಭ ಹೋಗುತ್ತದೆ. ಕೇಳಿದ ಬ್ರ್ಯಾಂಡು ಇಲ್ಲದಿದ್ದರೆ ಫೋನು ಮಾಡಿ ಕೇಳಿ, ತಾನಾಗಿ ಬೇರೆಯದು ಹಾಕಬಾರದು. ಹಾಗೆ ಹಾಕಿದ್ದೊಂದರಿಂದಲೇ ಎರಡನೇ ತಿಂಗಳು ಚೀಟಿ ತಪ್ಪಿಹೋಗುತ್ತದೆ. ಡಬ್ಬಿ ಕೊಡುವಾಗ ಬಿಲ್ಲು ಓದಿ ಹೇಳಿ, ಒಡೆದ ಪಾಕೀಟನ್ನು ಬಾಗಿಲಲ್ಲೇ ಬದಲಿಸಿ, ದುಡ್ಡು ಅಲ್ಲೇ ಪಡೆಯಬೇಕು. ಮೊದಲ ತಿಂಗಳು ಹತ್ತು ಮನೆ ಸಾಕು. ಹತ್ತು ಮನೆಯದನ್ನು ತಪ್ಪಿಲ್ಲದೆ ಮುಟ್ಟಿಸಲು ಬಂದ ಮೇಲೆ ಹನ್ನೊಂದನೆಯದನ್ನು ಕೇಳಿ.