ಜನತಾ ವಾಚಿಗೆ ಹೊಸ ಬ್ಯಾರೆಲ್: ಡಬ್ಬಿ ಆಯಿತು, ಅಚ್ಚು ನಡೆದಿದೆ

ಬ್ಯಾರೆಲ್ ಅಂದರೆ ವಾಚನ್ನು ಓಡಿಸುವ ಮುಖ್ಯ ಸ್ಪ್ರಿಂಗ್ ಸುರುಳಿಯಾಗಿ ಕೂರುವ ಭಾಗ. ಅದರ ಹಿತ್ತಾಳೆ ಡಬ್ಬಿಯೂ ಮುಚ್ಚಳವೂ ಲೇತ್‌ನಿಂದ ಇಳಿದವು. ಒಳಗಿನ ಅಚ್ಚು, ಅಂದರೆ ಆರ್ಬರ್, ಅರ್ಧ ಆಗಿದೆ. ಡಬ್ಬಿಯ ಸುತ್ತ ಹಲ್ಲು ಕೊರೆಯುವುದು ಬಾಕಿ.

ಇದು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಾಚ್ ಕಾರ್ಖಾನೆಯ ಮನೆತನದ್ದು. 17 ಜ್ಯೂಯೆಲ್ (ಸವೆತ ತಡೆಯುವ ಕಲ್ಲು), ಗಂಟೆಗೆ 18,000 ಬೀಟ್ (ಟಿಕ್ ಸದ್ದು), ದಿನಾ ಕೀ ಕೊಡಬೇಕು. ವಾಚ್ ಓಡುವಾಗ ಅಚ್ಚು ನಿಂತೇ ಇರುತ್ತದೆ, ಡಬ್ಬಿ ಅದರ ಸುತ್ತ ತಿರುಗುತ್ತದೆ. ವರ್ಷಗಟ್ಟಲೆ ಹಾಗೆ ತಿರುಗಿ ಈ ಡಬ್ಬಿಯ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿವೆ. ಡಬ್ಬಿ ವಾಲಿಕೊಂಡು ಕೆಳಗಿನ ಪ್ಲೇಟಿಗೆ ಉಜ್ಜುತ್ತಿತ್ತು. ಇನ್ನೊಂದು ಜನತಾ ಬಿಚ್ಚಿ ಅದರ ಬ್ಯಾರೆಲ್ ಹಾಕಬಹುದಿತ್ತು. ಆದರೆ ಓಡುವ ವಾಚನ್ನು ಬಿಡಿಭಾಗಕ್ಕಾಗಿ ಹಾಳು ಮಾಡಲು ನನಗೆ ಮನಸ್ಸಿಲ್ಲ.

ಲೇತ್ ಮುಟ್ಟುವ ಮೊದಲು ಲೆಕ್ಕ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಹಳೆಯ ನಿಯಮ ಹೀಗಿದೆ: ಅಚ್ಚಿನ ವ್ಯಾಸ ಡಬ್ಬಿಯ ಒಳವ್ಯಾಸದ ಮೂರನೇ ಒಂದು ಪಾಲು ಇರಬೇಕು. ಉಳಿದ ಜಾಗದಲ್ಲಿ ಅರ್ಧ ಸ್ಪ್ರಿಂಗ್, ಅರ್ಧ ಖಾಲಿ. ಆ ಖಾಲಿ ಜಾಗ ಯಾಕೆ? ಸ್ಪ್ರಿಂಗ್ ಕೆಲಸ ಮಾಡುವುದು ಗೋಡೆಯ ಕಡೆಯಿಂದ ಅಚ್ಚಿನ ಕಡೆಗೆ ಹೋಗಿ, ಮತ್ತೆ ಗೋಡೆಗೆ ಬರುವಾಗ. ಓಡಾಡಲು ಜಾಗ ಇಲ್ಲದಿದ್ದರೆ ಎಷ್ಟು ಉದ್ದದ ಸ್ಪ್ರಿಂಗ್ ಇದ್ದರೂ ಸುಮ್ನೆ ತುಂಬಿಕೊಂಡಿರುತ್ತದೆ, ಅಷ್ಟೇ.

ಲೆಕ್ಕ ಸುಲಭವಾಗಲಿ ಅಂತ ಒಳವ್ಯಾಸ 10 ಮಿ.ಮೀ., ಸ್ಪ್ರಿಂಗ್ ದಪ್ಪ 0.10 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಅಚ್ಚು 3.3 ಮಿ.ಮೀ. ಆಗುತ್ತದೆ, ಸ್ಪ್ರಿಂಗ್ ಸುಮಾರು 349 ಮಿ.ಮೀ. ಉದ್ದ. ಪೂರ್ತಿ ಬಿಚ್ಚಿಕೊಂಡಾಗ ಗೋಡೆಗೆ ಅಂಟಿಕೊಂಡು 12.7 ಸುರುಳಿ, ಪೂರ್ತಿ ಕೀ ಕೊಟ್ಟಾಗ ಅಚ್ಚಿನ ಮೇಲೆ 20.6 ಸುರುಳಿ. ಎರಡರ ವ್ಯತ್ಯಾಸವೇ ಡಬ್ಬಿಗೆ ಸಿಗುವ ಸುತ್ತು: ಸುಮಾರು 7.9. ಡಬ್ಬಿ ಆರು ಗಂಟೆಗೆ ಒಂದು ಸುತ್ತು ತಿರುಗುವ ವಾಚಾದರೆ 47 ಗಂಟೆ ಓಟ.

‘ಉದ್ದದ ಸ್ಪ್ರಿಂಗ್ ಹಾಕಿದರೆ ಜಾಸ್ತಿ ಹೊತ್ತು ಓಡುತ್ತೆ’ ಅನ್ನುವವರಿದ್ದಾರೆ. ಅದೇ ಡಬ್ಬಿಗೆ ಕಾಲು ಭಾಗ ಹೆಚ್ಚು ಉದ್ದ, ಅಂದರೆ 436 ಮಿ.ಮೀ. ಹಾಕಿ ನೋಡಿ. ಸುತ್ತು 7.9ರಿಂದ 7.5ಕ್ಕೆ ಇಳಿಯುತ್ತದೆ! ಉದ್ದ ಹೆಚ್ಚಿತು, ಓಟ ಕಡಿಮೆಯಾಯಿತು.

ದಪ್ಪದ ವಿಷಯ ಇನ್ನೂ ಸೂಕ್ಷ್ಮ. ಸ್ಪ್ರಿಂಗಿನ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.10 ಬದಲು 0.11 ಹಾಕಿದರೆ, ಉದ್ದ ಅಷ್ಟೇ ಇದ್ದರೂ, ಬಲ 33% ಜಾಸ್ತಿ. ಆಗ ಹಿಂದೆ ಮುಂದೆ ತೂಗಿ ಸಮಯ ಹಿಡಿಯುವ ಬ್ಯಾಲೆನ್ಸ್ ವೀಲ್ ಮಿತಿ ಮೀರಿ ತೂಗಿ, ಅದರ ಪಿನ್ನು ಅದಕ್ಕೆ ತಳ್ಳು ಕೊಡುವ ಕವಲು ಸನ್ನೆಗೆ, ಅಂದರೆ ಪ್ಯಾಲೆಟ್ ಫೋರ್ಕಿಗೆ, ಹೊರಗಡೆಯಿಂದ ಬಡಿಯುವ ಅಪಾಯ ಇದೆ. ವಾಚ್ ಸಿಕ್ಕಾಪಟ್ಟೆ ಮುಂದೆ ಓಡುತ್ತದೆ. ಅದಕ್ಕೇ ಹೊಸ ಸ್ಪ್ರಿಂಗನ್ನು ಮೈಕ್ರೋಮೀಟರಿನಲ್ಲಿ ಅಳೆದೇ ತೆಗೆದುಕೊಂಡೆ. ಬಿಳಿ ಮಿಶ್ರಲೋಹದ ಸ್ಪ್ರಿಂಗ್, ಡಬ್ಬಿಯಿಂದ ತೆಗೆದರೆ ಎಸ್ ಆಕಾರಕ್ಕೆ ತಿರುಗುತ್ತದೆ. ಹಳೆಯ ನೀಲಿ ಉಕ್ಕಿನ ಸ್ಪ್ರಿಂಗ್‌ಗಳು ಮುರಿಯುತ್ತಿದ್ದವು, ಇಲ್ಲವೇ ಸೋತು ಸುರುಳಿಯಾಗಿಯೇ ಉಳಿಯುತ್ತಿದ್ದವು. ಕೋಬಾಲ್ಟ್, ನಿಕ್ಕಲ್, ಕ್ರೋಮಿಯಂ ಸೇರಿದ ನಿವಾಫ್ಲೆಕ್ಸ್‌ನಂಥ ಲೋಹಗಳು ಬಂದ ಮೇಲೆ ಆ ಕಾಟ ಬಹುಪಾಲು ತಪ್ಪಿತು.

ಈಗ ಡಬ್ಬಿ. ಹಿತ್ತಾಳೆ ಸಲಾಕೆಯನ್ನು ಕಾಲೆಟ್‌ನಲ್ಲಿ (ಲೇತ್‌ನ ಹಿಡಿತದ ತೋಳಿನಲ್ಲಿ) ಒಮ್ಮೆ ಹಿಡಿದ ಮೇಲೆ ಬಿಡಿಸಲೇ ಇಲ್ಲ. ಹೊರಮೈ, ಒಳಗಿನ ಕುಳಿ, ನಡುವಿನ ತೂತು ಎಲ್ಲವೂ ಒಂದೇ ಹಿಡಿತದಲ್ಲಿ. ಹಾಗೆ ಮಾಡಿದರೆ ಮಾತ್ರ ಮೂರೂ ಒಂದೇ ಕೇಂದ್ರದಲ್ಲಿ ಇರುತ್ತವೆ. ಕೇಂದ್ರ ಒಂಚೂರು ತಪ್ಪಿದರೂ ಹಲ್ಲುಗಳು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ತಳ ಮತ್ತು ಗೋಡೆಯನ್ನು ಚೆನ್ನಾಗಿ ನುಣುಪು ಮಾಡಿದೆ. ಸ್ಪ್ರಿಂಗಿನ ಅಂಚು ಜೀವನಪೂರ್ತಿ ಜಾರುವುದು ಅಲ್ಲೇ ಅಲ್ವಾ.

ಬಾಯಿಯ ಅಂಚಿನ ಕೆಳಗೆ ಓರೆಯಾದ ಸಣ್ಣ ತೋಡು ಕೊರೆಯಬೇಕು. ಮುಚ್ಚಳದ ಅಂಚನ್ನೂ ಅದೇ ಓರೆಗೆ ಇಳಿಸಿ, ಬಾಯಿಗಿಂತ ತುಸುವೇ ದೊಡ್ಡದಾಗಿ ಬಿಡಬೇಕು. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ. ಒತ್ತಿದಾಗ ಟಪ್ ಅಂತ ಕೂರುತ್ತದೆ. ನನ್ನದು ಸುತ್ತಲೂ ಒಂದೇ ಸಮ ಕೂತಿದೆ. ಆ ಸದ್ದು ಕೇಳಿ ತುಂಬಾ ಖುಷಿಯಾಯಿತು.

ಸ್ಪ್ರಿಂಗಿನ ಹೊರತುದಿಯ ನಾಲಿಗೆ ಕಚ್ಚಿಕೊಳ್ಳಲು ಗೋಡೆಯಲ್ಲಿ ಒಂದು ಕಚ್ಚು ಬೇಕು. ಕೈಯ ಚಲನೆಯಿಂದಲೇ ಕೀ ಏರುವ ಆಟೋಮ್ಯಾಟಿಕ್ ವಾಚುಗಳಲ್ಲಿ ತುದಿ ಹೀಗೆ ಗಟ್ಟಿಯಾಗಿ ಕಚ್ಚಿಕೊಂಡಿರುವುದಿಲ್ಲ. ಅಲ್ಲಿ ತುದಿ ಗೋಡೆಯನ್ನು ಒತ್ತಿ ಹಿಡಿದು, ಪೂರ್ತಿ ಬಿಗಿಯಾದ ಮೇಲೆ ಜಾರುತ್ತದೆ. ಪಾಟೆಕ್ ಫಿಲಿಪ್ ವಾಚ್ ಕಂಪನಿಯ ಆಡ್ರಿಯನ್ ಫಿಲಿಪ್ 1863ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಆಟೋಮ್ಯಾಟಿಕ್ ಕೈಗಡಿಯಾರ ಬರುವುದಕ್ಕೆ ಎಷ್ಟೋ ಮುಂಚೆ!

ಅಚ್ಚಿಗೆ ಸಿಲ್ವರ್ ಸ್ಟೀಲ್ ಸಲಾಕೆ. ಹೆಸರಷ್ಟೇ ಬೆಳ್ಳಿ, ಇದು ಕಾಯಿಸಿ ಗಡಸು ಮಾಡಬಹುದಾದ ಉಕ್ಕು. ಇದರ ಕಷ್ಟ ಇರುವುದು ಕೊಕ್ಕೆಯಲ್ಲಿ. ಸ್ಪ್ರಿಂಗಿನ ಒಳತುದಿಯ ತೂತು ಈ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯ ಎತ್ತರ ಸ್ಪ್ರಿಂಗಿನ ದಪ್ಪ ದಾಟಬಾರದು. ದಾಟಿದರೆ ಅದರ ಮೇಲೆ ಹಾಯುವ ಎರಡನೇ ಸುರುಳಿ ಪ್ರತಿ ಸಲವೂ ಅಲ್ಲೇ ಮಡಚಿ, ಕೊನೆಗೆ ಅಲ್ಲೇ ಮುರಿಯುತ್ತದೆ. ಅಂದರೆ ಮೇಲಿನ ಲೆಕ್ಕದ ಸ್ಪ್ರಿಂಗಾದರೆ ಕೊಕ್ಕೆಗೆ ಸಿಗುವುದು 0.10 ಮಿ.ಮೀ. ಎತ್ತರ! ಅದಕ್ಕಾಗಿ ಅಚ್ಚಿನ ಹೊಟ್ಟೆಯನ್ನು ದುಂಡಗೆ ಬಿಡದೆ ಬಸವನಹುಳುವಿನ ಚಿಪ್ಪಿನ ಹಾಗೆ ನಿಧಾನ ಏರುವಂತೆ ಅರದಿಂದ ಇಳಿಸುತ್ತಿದ್ದೇನೆ. ಒಂದು ಸುತ್ತು ಮುಗಿಯುವಲ್ಲಿ ಉಳಿಯುವ ಮೆಟ್ಟಿಲೇ ಕೊಕ್ಕೆ. ಮೊದಲ ಸುರುಳಿ ಆ ಮೆಟ್ಟಿಲಿಗೆ ಕಚ್ಚಿಕೊಂಡರೆ ಎರಡನೆಯದು ಉಬ್ಬಿಲ್ಲದೆ ಮೇಲೆ ಹಾಯುತ್ತದೆ.

ಅರದ ಕೆಲಸ ಮುಗಿದ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಬೇಕು, ಆಮೇಲೆ ನೀಲಿ ಬಣ್ಣ ಬರುವವರೆಗೆ ಹದವಾಗಿ ಕಾಯಿಸಿ ಗಡಸುತನ ಇಳಿಸಬೇಕು. ತೂತಿನಲ್ಲಿ ಕೂರುವ ಎರಡೂ ತುದಿಗಳನ್ನು ಕನ್ನಡಿಯಂತೆ ಹೊಳಪು ಮಾಡಬೇಕು. ಹಳೆಯ ಡಬ್ಬಿ ಸವೆದದ್ದು ಅಲ್ಲೇ ತಾನೆ.

ಹಲ್ಲು ಕೊರೆಯಲು ಕಟರ್ ತಯಾರಾಗಬೇಕು. ಹಳೆಯ ಡಬ್ಬಿಯಲ್ಲಿ ಸವೆಯದ ಒಂದು ಹಲ್ಲನ್ನು ಹುಡುಕಿ ದೊಡ್ಡದು ಮಾಡಿ ಫೋಟೋ ತೆಗೆದಿದ್ದೇನೆ, ಆಕಾರ ಅದರಿಂದಲೇ ಎತ್ತುತ್ತೇನೆ. ಸ್ಪ್ರಿಂಗನ್ನು ಕೈಯಿಂದ ತುಂಬುವುದಿಲ್ಲ. ಬೆರಳಿನಿಂದ ತುಂಬಿದರೆ ಅದು ಶಂಕುವಿನಂತೆ ತಿರುಚಿಕೊಂಡು ತಳಕ್ಕೂ ಮುಚ್ಚಳಕ್ಕೂ ಉಜ್ಜುತ್ತದೆ. ಸ್ಪ್ರಿಂಗನ್ನು ಸುತ್ತಿ ಡಬ್ಬಿಗೆ ಇಳಿಸುವ, ಈ ಅಳತೆಗೆ ಸರಿಹೊಂದುವ ವೈಂಡರ್ ಒಂದನ್ನು ಎರವಲು ಕೇಳಿದ್ದೇನೆ. ಅದು ಬರುವಷ್ಟರಲ್ಲಿ ಅಚ್ಚಿಗೆ ಹದ ಕೊಟ್ಟು ಮುಗಿಸುವ ಯೋಚನೆ ಇದೆ.